ಮನೆಯೊಳಗಿನ ಬಂದೂಕು, ಮನೆಯವರ ಹೊಣೆ

ಅಮೆರಿಕದ ಯಾವುದೋ ಶಾಲೆಯಲ್ಲೋ ಅಂಗಡಿಯಲ್ಲೋ ಗುಂಡಿನ ದಾಳಿ ನಡೆದ ಸುದ್ದಿ ಬಂದ ದಿನ, ಮಲ್ಲೇಶ್ವರದ ನಮ್ಮ ಅಡ್ಡರಸ್ತೆಯಲ್ಲಿ ಎದುರಾದವರೆಲ್ಲ ಕೇಳುವುದು ಒಂದೇ ಮಾತು: "ನಿಮ್ಮ ಮಗಳ ಊರು ಅಲ್ಲಿಂದ ಎಷ್ಟು ದೂರ?" ಮಕ್ಕಳನ್ನು ಡೆಟ್ರಾಯಿಟಿಗೋ ಡಲ್ಲಾಸಿಗೋ ಕಳಿಸಿ ಇಲ್ಲಿ ಕುಳಿತಿರುವ ನಮ್ಮಂಥವರಿಗೆ ಆ ಭಯ ಸಹಜವಾದದ್ದೇ. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಹತರಾದ 32 ಮಂದಿಯಲ್ಲಿ ತಮಿಳುನಾಡು ಮೂಲದ ಒಬ್ಬ ಪ್ರಾಧ್ಯಾಪಕರೂ ಮುಂಬೈಯ ಒಬ್ಬ ವಿದ್ಯಾರ್ಥಿನಿಯೂ ಇದ್ದರು. 2017ರ ಫೆಬ್ರವರಿಯಲ್ಲಿ ಕಾನ್ಸಸ್ ರಾಜ್ಯದ ಒಲೇಥದಲ್ಲಿ, ಕೆಲಸ ಮುಗಿಸಿ ಗೆಳೆಯನೊಡನೆ ಕುಳಿತಿದ್ದ ಹೈದರಾಬಾದ್ ಮೂಲದ ಇಂಜಿನಿಯರ್ ಒಬ್ಬರನ್ನು, "ನನ್ನ ದೇಶ ಬಿಟ್ಟು ಹೋಗಿ" ಎಂದು ಕೂಗಿದ ವ್ಯಕ್ತಿಯೊಬ್ಬ ಗುಂಡಿಟ್ಟು ಕೊಂದ. ಇಂಥ ಸುದ್ದಿಗಳನ್ನು ಓದಿದ ತಾಯಿಗೆ ಭಯಪಡಬೇಡ ಎಂದು ಹೇಳುವುದು ಸುಲಭವಲ್ಲ.

ಆದರೂ ವರ್ಷಗಳಿಂದ ಈ ವಿಷಯವನ್ನು ಓದುತ್ತ, ಮಗಳ ಮನೆಗೆ ಹೋದಾಗ ಅಲ್ಲಿಯವರೊಡನೆ ಮಾತನಾಡುತ್ತ ಬಂದಮೇಲೆ, ನಮ್ಮ ಭಯದ ಬಹುಪಾಲು ಶಾಲೆ, ಮಾಲ್, ಜಾತ್ರೆಗಳ ಕಡೆಗೆ ತಿರುಗಿರುವುದರಿಂದ ಮನೆಯ ಒಳಗೆ ಇರುವ ಅಪಾಯವನ್ನು ನಾವು ಗಮನಿಸುತ್ತಿಲ್ಲ ಎಂದು ನನಗೆ ಬಲವಾಗಿ ಅನ್ನಿಸಿದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಲೆಕ್ಕದಂತೆ 2022ರಲ್ಲಿ ಆ ದೇಶದಲ್ಲಿ ಗುಂಡಿಗೆ ಬಲಿಯಾದವರು 48,204 ಮಂದಿ. ಅವರಲ್ಲಿ 27 ಸಾವಿರಕ್ಕೂ ಹೆಚ್ಚು ಜನ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. 19 ಸಾವಿರಕ್ಕೂ ಹೆಚ್ಚು ಜನ ಕೊಲೆಯಾದವರು. ನಮ್ಮ ಟಿವಿಯಲ್ಲಿ ದಿನವಿಡೀ ತೋರಿಸುವ ಸಾಮೂಹಿಕ ಹತ್ಯೆಗಳು ಈ ಒಟ್ಟು ಲೆಕ್ಕದಲ್ಲಿ ಬಹಳ ಸಣ್ಣ ಪಾಲು. ಕೊಲೆಗಳಲ್ಲಿಯೂ ದೊಡ್ಡ ಪಾಲು ನಡೆಯುವುದು ಬಡತನ ಬೇರುಬಿಟ್ಟಿರುವ ಬಡಾವಣೆಗಳಲ್ಲಿ. ಅವುಗಳಿಗೆ ಎಲ್ಲರಿಗಿಂತ ಹೆಚ್ಚಾಗಿ ಬಲಿಯಾಗುವವರು ಕಪ್ಪು ಜನಾಂಗದ ಯುವಕರು. ಆ ತಾಯಂದಿರ ದುಃಖ ನಮ್ಮ ಪತ್ರಿಕೆಗಳವರೆಗೆ ಬರುವುದೇ ಇಲ್ಲ. 2020ರಿಂದೀಚೆಗೆ ಅಮೆರಿಕದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತವೂ ಅಲ್ಲ, ಕ್ಯಾನ್ಸರೂ ಅಲ್ಲ, ಬಂದೂಕು.

ಇದನ್ನು ಆರೋಗ್ಯದ ಪ್ರಶ್ನೆಯೆಂದು ದಿಟ್ಟವಾಗಿ ಹೇಳಿದವರಲ್ಲಿ ಒಬ್ಬರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿಯವರು. ಬಂದೂಕು ಆರೋಗ್ಯ ಕ್ಷೇತ್ರದ ವಿಷಯವೂ ಹೌದು ಎಂದು 2012ರಲ್ಲಿ ಅವರು ಬರೆದ ಒಂದು ಸಾಲಿನ ಕಾರಣಕ್ಕೆ, ಅಧ್ಯಕ್ಷ ಒಬಾಮ ಮೂರ್ತಿಯವರನ್ನು ಸಾರ್ವಜನಿಕ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಸರ್ಜನ್ ಜನರಲ್ ಹುದ್ದೆಗೆ ಸೂಚಿಸಿದಾಗ, ಬಂದೂಕುದಾರರ ಪ್ರಬಲ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಕಟುವಾಗಿ ವಿರೋಧಿಸಿತು. ಸೆನೆಟ್ಟಿನ ಒಪ್ಪಿಗೆ ಒಂದು ವರ್ಷಕ್ಕೂ ಹೆಚ್ಚು ತಡವಾಗಿ, 2014ರ ಡಿಸೆಂಬರಿನಲ್ಲಿ ದೊರೆಯಿತು. ಅದೇ ಹುದ್ದೆಗೆ ಎರಡನೆಯ ಸಲ ಬಂದ ಅವರು 2024ರ ಜೂನಿನಲ್ಲಿ ಬಂದೂಕಿನ ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಎಂದು ಅಧಿಕೃತವಾಗಿ ಸಾರಿದರು. ಅದಕ್ಕಾಗಿ ಹೊರಡಿಸಿದ ಸಲಹಾಪತ್ರದಲ್ಲಿ ಅವರು ಮುಂದಿಟ್ಟ ಬೇಡಿಕೆಗಳಲ್ಲಿ, ಮನೆಯಲ್ಲಿರುವ ಬಂದೂಕನ್ನು ಸುರಕ್ಷಿತವಾಗಿ ಬೀಗ ಹಾಕಿಡಬೇಕು ಎಂಬುದೂ ಒಂದು. ಉಳಿದ ಬೇಡಿಕೆಗಳ ಬಗ್ಗೆ ಅಲ್ಲಿ ಜಗಳ ಮುಗಿಯದು. ಬೀಗದ ಮಾತು ಮಾತ್ರ ಯಾವ ಪಕ್ಷದವರಾದರೂ ಇಂದೇ ತಮ್ಮ ಮನೆಯಲ್ಲಿ ಪಾಲಿಸಬಹುದಾದದ್ದು.

ಬೀಗಕ್ಕೆ ನಾನು ಇಷ್ಟು ಮಹತ್ವ ಕೊಡುವುದು ಏಕೆಂದರೆ, ಮನುಷ್ಯನ ಮನಸ್ಸು ಕುಸಿಯುವ ಗಳಿಗೆ ಹೆಚ್ಚಾಗಿ ಅಲ್ಪಾವಧಿಯದು. ಸಾಯಬೇಕೆಂಬ ತೀವ್ರ ಒತ್ತಡ ಬಂದು ಹೋಗುವುದಕ್ಕೆ ಕೆಲವೊಮ್ಮೆ ನಿಮಿಷಗಳು, ಕೆಲವೊಮ್ಮೆ ಗಂಟೆಗಳು ಸಾಕು. ಒಮ್ಮೆ ಪ್ರಯತ್ನಿಸಿ ಬದುಕುಳಿದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಅಂದರೆ ಆ ಗಳಿಗೆಯನ್ನು ದಾಟಿಸಿದರೆ ಬಹುತೇಕರು ಬದುಕುತ್ತಾರೆ. ಆದರೆ ಆ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದು ಬಂದೂಕಾದರೆ ಬದುಕುಳಿಯುವ ಅವಕಾಶವೇ ಇಲ್ಲದಂತಾಗುತ್ತದೆ. ಕ್ಯಾಲಿಫೋರ್ನಿಯಾದ ಸುಮಾರು 2.6 ಕೋಟಿ ವಯಸ್ಕರ ದಾಖಲೆಗಳನ್ನು ಹನ್ನೆರಡು ವರ್ಷಗಳ ಅವಧಿಗೆ ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಿಸ್ತೂಲು ಹೊಂದಿದ್ದ ಗಂಡಸರು ಆತ್ಮಹತ್ಯೆಯಿಂದ ಸಾಯುವ ಸಂಭವ ಹೊಂದಿಲ್ಲದವರಿಗಿಂತ ಮೂರು ಪಟ್ಟಿಗೂ ಹೆಚ್ಚು, ಹೆಂಗಸರಲ್ಲಿ ಏಳು ಪಟ್ಟಿಗೂ ಹೆಚ್ಚು ಎಂದು ಕಂಡುಬಂತು. ಮನೆಯ ರಕ್ಷಣೆಗೆಂದು ತಂದ ವಸ್ತುವಿನ ಲೆಕ್ಕ ಇದು.

ಕರ್ನಾಟಕದವರಿಗೆ ಈ ತರ್ಕ ಹೊಸದಲ್ಲ. ಹೊಲಕ್ಕೆಂದು ತಂದ ಕೀಟನಾಶಕ ಅಡುಗೆಮನೆಯ ಮೂಲೆಯಲ್ಲಿ ಇದ್ದುದರಿಂದಲೇ ಎಷ್ಟೋ ಸಾವುಗಳು ಸಂಭವಿಸಿದವೆಂಬುದನ್ನು ನಮ್ಮ ಹಳ್ಳಿಗಳು ಬಲ್ಲವು. ಶ್ರೀಲಂಕಾ ಅತಿ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1990ರ ದಶಕದ ನಡುವಿನಲ್ಲಿ ಶಿಖರದಲ್ಲಿದ್ದ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ಜನರ ಕಷ್ಟಗಳೇನೂ ಶೇ 70ರಷ್ಟು ಕಡಿಮೆಯಾಗಿರಲಿಲ್ಲ. ಕಷ್ಟದ ಗಳಿಗೆಯಲ್ಲಿ ಕೈಗೆಟಕುತ್ತಿದ್ದ ವಿಷ ಕಡಿಮೆಯಾಗಿತ್ತು, ಅಷ್ಟೇ.

ಅಮೆರಿಕದಲ್ಲಿ ಇದನ್ನು ಅರ್ಥ ಮಾಡಿಕೊಂಡವರಲ್ಲಿ ಬಂದೂಕು ಮಾರುವವರೂ ಇದ್ದಾರೆ. 2009ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ, ಒಂದು ವಾರಕ್ಕಿಂತ ಕಡಿಮೆ ಅವಧಿಯಲ್ಲಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂರು ಮಂದಿ ಒಂದೇ ಅಂಗಡಿಯಲ್ಲಿ ಬಂದೂಕು ಕೊಂಡು, ಕೊಂಡ ಕೆಲವೇ ಗಂಟೆಗಳಲ್ಲಿ ಪ್ರಾಣ ಕಳೆದುಕೊಂಡರು. ಮೂರು ಮಾರಾಟಗಳೂ ಕಾನೂನಿನ ಪ್ರಕಾರವೇ ನಡೆದಿದ್ದವು. ತನ್ನ ತಪ್ಪೇನೂ ಇಲ್ಲವೆಂದು ಕೈತೊಳೆದುಕೊಳ್ಳಬಹುದಾಗಿದ್ದ ಆ ಅಂಗಡಿಯ ಮಾಲೀಕರು ಹಾಗೆ ಮಾಡಲಿಲ್ಲ. ಆರೋಗ್ಯ ಕ್ಷೇತ್ರದವರೊಡನೆ ಕುಳಿತು, ಗಿರಾಕಿಯ ನಡೆನುಡಿಯಲ್ಲಿ ಯಾವ ಲಕ್ಷಣ ಕಂಡರೆ ಮಾರಾಟವನ್ನು ನಿಲ್ಲಿಸಬೇಕು, ಹೇಗೆ ಮಾತನಾಡಿಸಬೇಕು ಎಂಬುದನ್ನು ಬೇರೆ ಅಂಗಡಿಗಳವರಿಗೂ ತಿಳಿಸಿಕೊಡುವ ಕೆಲಸಕ್ಕೆ ಕೈಹಾಕಿದರು. ಅದು ಮುಂದೆ ಬೇರೆ ಬೇರೆ ರಾಜ್ಯಗಳಿಗೂ ಹಬ್ಬಿತು. ಕೊಲರಾಡೊದಂಥ ಕಡೆ, ಮನೆಯಲ್ಲಿ ಯಾರಾದರೂ ಮಾನಸಿಕವಾಗಿ ಕುಗ್ಗಿದ್ದಾಗ ಬಂದೂಕನ್ನು ಕೆಲವು ಕಾಲ ಮನೆಯಿಂದ ಹೊರಗೆ ಇಟ್ಟುಬರಲು ಒಪ್ಪುವ ಅಂಗಡಿಗಳು ಮತ್ತು ಠಾಣೆಗಳು ಎಲ್ಲೆಲ್ಲಿವೆ ಎಂಬ ನಕ್ಷೆಯನ್ನೇ ಪ್ರಕಟಿಸಿದ್ದಾರೆ. ಹಕ್ಕಿನ ಬಗ್ಗೆ ಭಾಷಣ ಮಾಡುವ ರಾಜಕಾರಣಿಗಳಿಗಿಂತ ಈ ಅಂಗಡಿಯವರ ಮೇಲೆ ನನಗೆ ಗೌರವ ಹೆಚ್ಚು.

ಮಗಳು ಇರುವುದು ಮಿಷಿಗನ್ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ. ಅವಳ ಪಕ್ಕದ ಮನೆಯವರು ಕಾರು ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರು, ಬೇಟೆಗಾರರು. ಪ್ರತಿವರ್ಷ ನವೆಂಬರ್ 15ಕ್ಕೆ ಮಿಷಿಗನ್ನಿನಲ್ಲಿ ಬಂದೂಕಿನ ಜಿಂಕೆಬೇಟೆ ಆರಂಭವಾಗುವ ಹೊತ್ತಿಗೆ ಅವರು ಉತ್ತರದ ಕಾಡಿಗೆ ಹೊರಟಿರುತ್ತಾರೆ. ನಾನು ಕುತೂಹಲದಿಂದ ಕೇಳಿದೆನೆಂದು ಒಂದು ಸಂಜೆ ನೆಲಮಾಳಿಗೆಗೆ ಕರೆದುಕೊಂಡು ಹೋಗಿ ತಮ್ಮ ಉಕ್ಕಿನ ಸೇಫನ್ನು ತೋರಿಸಿದರು. ಅದನ್ನು ಯಾರೂ ಹೊತ್ತುಕೊಂಡು ಹೋಗದಂತೆ ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು. ಸಂಖ್ಯೆ ಒತ್ತುವಾಗ ಮೈಯಿಂದ ಮರೆಮಾಡಿಕೊಂಡರು. ಬಂದೂಕನ್ನು ಹೊರತೆಗೆಯುವಾಗ ಅದರ ನಳಿಗೆ ಒಮ್ಮೆಯೂ ನಮ್ಮ ಕಡೆಗೆ ತಿರುಗಲಿಲ್ಲ, ಅವರ ತೋರುಬೆರಳು ಒಮ್ಮೆಯೂ ಬಂದೂಕಿನ ಕುದುರೆಯ (ಟ್ರಿಗರ್) ಹತ್ತಿರ ಸುಳಿಯಲಿಲ್ಲ. ಹಿಂಬದಿಯ ಬೋಲ್ಟನ್ನು ಎಳೆದು, ಗುಂಡು ಕೂರುವ ಜಾಗವನ್ನು ಕಣ್ಣಿನಿಂದ ನೋಡಿ, ಕಣ್ಣು ಸಾಲದೆಂಬಂತೆ ಕಿರುಬೆರಳನ್ನು ಒಳಗೆ ಇಟ್ಟು ಖಾಲಿಯಿರುವುದನ್ನು ಖಚಿತ ಮಾಡಿಕೊಂಡರು. ನಾನು ನೋಡಿ ಹಿಂದಿರುಗಿಸಿದ ಮೇಲೆ, ನನ್ನ ಕೈಯಲ್ಲಿ ಅದು ಒಂದು ನಿಮಿಷವೂ ಇರದಿದ್ದರೂ, ಅದೇ ಪರೀಕ್ಷೆಯನ್ನು ಮೊದಲಿನಿಂದ ಮತ್ತೆ ಮಾಡಿ ಒಳಗಿಟ್ಟರು. ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ, ಎದುರು ಗೋಡೆಯ ಬೀರುವಿನಲ್ಲಿದ್ದವು. ಸೇಫಿನ ಸಂಖ್ಯೆ ಅವರಿಗೂ ಅವರ ಹೆಂಡತಿಗೂ ಮಾತ್ರ ಗೊತ್ತು. ಬೆಳೆದ ಮಗನಿಗೂ ಹೇಳಿಲ್ಲವಂತೆ.

ಅವರು ಪಾಲಿಸುತ್ತಿದ್ದ ನಾಲ್ಕು ನಿಯಮಗಳನ್ನು ಅಲ್ಲಿ ತರಬೇತಿ ಪಡೆದವರೆಲ್ಲ ಬಾಯಿಪಾಠ ಹೇಳುತ್ತಾರೆ. ಪ್ರತಿಯೊಂದು ಬಂದೂಕನ್ನೂ ಗುಂಡು ತುಂಬಿರುವುದೆಂದೇ ತಿಳಿದು ಹಿಡಿಯಬೇಕು. ನಾಶ ಮಾಡಲು ಸಿದ್ಧವಿಲ್ಲದ ಯಾವುದರ ಕಡೆಗೂ ನಳಿಗೆಯನ್ನು ತಿರುಗಿಸಬಾರದು. ಗುರಿ ನಿಶ್ಚಯವಾಗುವವರೆಗೆ ಬೆರಳು ಕುದುರೆಯ ಮೇಲೆ ಬರಬಾರದು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ತಿಳಿಯದೆ ಗುಂಡು ಹಾರಿಸಬಾರದು. ಸಿಯಾಟಲ್‌ನಂಥ ಕಡೆಗಳ ಸಂಶೋಧಕರು ಮನೆಯಲ್ಲಿ ಇಡುವ ಕ್ರಮವನ್ನೂ ಅಧ್ಯಯನ ಮಾಡಿ, ಬಂದೂಕಿಗೆ ಬೀಗ, ಅದರಲ್ಲಿ ಗುಂಡಿಲ್ಲದಿರುವುದು, ಗುಂಡುಗಳಿಗೆ ಬೇರೆ ಬೀಗ, ಎರಡನ್ನೂ ಬೇರೆ ಬೇರೆ ಕಡೆ ಇಡುವುದು, ಇವು ಒಂದೊಂದೂ ಮಕ್ಕಳ ಮತ್ತು ಹದಿಹರೆಯದವರ ಪ್ರಾಣ ಉಳಿಸುವುದರಲ್ಲಿ ಪಾಲು ಹೊಂದಿವೆ ಎಂದು 2005ರಲ್ಲಿಯೇ ಪ್ರಕಟಿಸಿದರು. ಹಾಗಿದ್ದೂ ಅಮೆರಿಕದಲ್ಲಿ ಸುಮಾರು 46 ಲಕ್ಷ ಮಕ್ಕಳು, ಗುಂಡು ತುಂಬಿದ ಮತ್ತು ಬೀಗವಿಲ್ಲದ ಬಂದೂಕು ಒಂದಾದರೂ ಇರುವ ಮನೆಗಳಲ್ಲಿ ವಾಸಿಸುತ್ತಿದ್ದಾರೆ ಎಂದು ಸಮೀಕ್ಷೆಗಳು ಅಂದಾಜು ಮಾಡಿವೆ.

ಆ ನೆಲಮಾಳಿಗೆಯಲ್ಲಿ ನಿಂತಿದ್ದಾಗ ನನಗೆ ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಯ ಶಿಸ್ತು ನೆನಪಾಗದೆ ಇರಲಿಲ್ಲ. ಅಪ್ಪಯ್ಯನವರ ಹೆಸರಿನಲ್ಲಿ ಪರವಾನಗಿ ಇದ್ದ ಜೋಡಿ ನಳಿಗೆಯ ಕೋವಿಯೊಂದು ನಮ್ಮಲ್ಲಿತ್ತು. ಗದ್ದೆಗೆ ನುಗ್ಗುವ ಹಂದಿ, ಅಡಿಕೆ ಎಳನೀರು ಹಾಳುಮಾಡುವ ಮಂಗಗಳನ್ನು ಸದ್ದು ಮಾಡಿ ಓಡಿಸುವುದಕ್ಕಷ್ಟೇ ಅದು ಹೊರಗೆ ಬರುತ್ತಿತ್ತು. ಕೋವಿ ಉಪ್ಪರಿಗೆಯ ಕೋಣೆಯ ಬೀಗದೊಳಗೆ, ತೋಟೆಗಳು ಅಮ್ಮನ ಬೀರುವಿನಲ್ಲಿ. ಹೀಗಾಗಿ ಇಬ್ಬರೂ ಮನೆಯಲ್ಲಿದ್ದು ಇಬ್ಬರೂ ಒಪ್ಪಿದಾಗ ಮಾತ್ರ ಈಡು ಹಾರುತ್ತಿತ್ತು. ಚುನಾವಣೆ ಘೋಷಣೆಯಾದ ಕೂಡಲೇ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕಿತ್ತು. ಹಂದಿಗಳಿಗೆ ಚುನಾವಣೆಯಿಲ್ಲವಲ್ಲ ಎಂದು ಊರಿನವರು ಕೊರಗುತ್ತಿದ್ದರು, ಆ ಕೊರಗು ಮಲೆನಾಡಿನಲ್ಲಿ ಇಂದಿಗೂ ಇದೆ, ಅದರಲ್ಲಿ ನ್ಯಾಯವೂ ಇದೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ಇಟ್ಟುಕೊಳ್ಳುವುದು ಹಕ್ಕಲ್ಲ, ಕಾರಣ ತೋರಿಸಿ ಪಡೆಯಬೇಕಾದ ಅನುಮತಿ. ಬೆಂಗಳೂರಿನಲ್ಲಿ ಅದನ್ನು ಕೊಡುವವರು ಪೊಲೀಸ್ ಕಮಿಷನರ್. ಕೊಡವರಿಗೆ ಮತ್ತು ಕೊಡಗಿನಲ್ಲಿ ಜಮ್ಮಾ ಎಂಬ ವಂಶಪಾರಂಪರ್ಯದ ಭೂಹಿಡುವಳಿ ಉಳ್ಳವರಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವ ಅವರ ಪರಂಪರೆಯನ್ನು ಗಮನದಲ್ಲಿಟ್ಟು ಆ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಹಾಗೆಂದು ನಮ್ಮಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಹಂದಿಯೆಂದು ಭಾವಿಸಿ ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ಮಲೆನಾಡಿನಿಂದ ಆಗಾಗ ಬರುತ್ತದೆ. ನಾಲ್ಕನೆಯ ನಿಯಮವನ್ನು ಮರೆತರೆ ತೀರ್ಥಹಳ್ಳಿಯ ಕಾಡಾದರೂ ಮಿಷಿಗನ್ನಿನ ಕಾಡಾದರೂ ಫಲ ಒಂದೇ. ಕಳ್ಳ ಪಿಸ್ತೂಲುಗಳ ಮಾತು ಬಂದರೆ, 2015ರಲ್ಲಿ ಧಾರವಾಡದ ಮನೆಬಾಗಿಲಲ್ಲಿ ಎಂ. ಎಂ. ಕಲಬುರ್ಗಿಯವರನ್ನೂ 2017ರಲ್ಲಿ ರಾಜರಾಜೇಶ್ವರಿ ನಗರದ ಮನೆಯೆದುರು ಗೌರಿ ಲಂಕೇಶರನ್ನೂ ಕಳೆದುಕೊಂಡ ನಾಡು ನಮ್ಮದು.

ಅಮೆರಿಕದ ಸ್ಥಿತಿ ಬೇರೆ. 1791ರಲ್ಲಿ ಅಂಗೀಕಾರವಾದ ಸಂವಿಧಾನದ ಎರಡನೆಯ ತಿದ್ದುಪಡಿ ಅಲ್ಲಿ ಬಂದೂಕನ್ನು ಹಕ್ಕಿನ ಸಾಲಿಗೆ ಸೇರಿಸಿದೆ. ಅದು ವ್ಯಕ್ತಿಯೊಬ್ಬನಿಗೆ ಸೇರಿದ ಹಕ್ಕು ಎಂದು ಸುಪ್ರೀಂ ಕೋರ್ಟ್ 2008ರ ಹೆಲ್ಲರ್ ಮೊಕದ್ದಮೆಯಲ್ಲಿ ಐದು–ನಾಲ್ಕರ ಬಹುಮತದಿಂದ ತೀರ್ಪಿತ್ತಿತು. ಆ ತೀರ್ಪು ಮನೆಯ ಬಂದೂಕನ್ನು ಯಾವಾಗಲೂ ಬಿಡಿಭಾಗಗಳಾಗಿಯೋ ಬೀಗ ಹಾಕಿಯೋ ಇಡಬೇಕೆಂಬ ವಾಷಿಂಗ್ಟನ್ ನಗರದ ಕಾನೂನನ್ನು, ಸ್ವರಕ್ಷಣೆಗೂ ಅವಕಾಶ ಕೊಡುವುದಿಲ್ಲವೆಂಬ ಕಾರಣಕ್ಕೆ, ರದ್ದುಪಡಿಸಿತು. ಇಷ್ಟನ್ನೇ ಓದಿದವರು ಬೀಗ ಕೇಳುವ ಕಾನೂನುಗಳೆಲ್ಲ ಸಂವಿಧಾನಕ್ಕೆ ವಿರುದ್ಧವೆಂದು ವಾದಿಸುತ್ತಾರೆ. ಆದರೆ ಅಪಘಾತ ತಪ್ಪಿಸಲು ಬಂದೂಕು ಇಡುವ ಕ್ರಮವನ್ನು ನಿಯಂತ್ರಿಸುವ ಕಾನೂನುಗಳು ಅಸಿಂಧುವೆಂದು ತಮ್ಮ ವಿಶ್ಲೇಷಣೆ ಸೂಚಿಸುವುದಿಲ್ಲ ಎಂದು ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ಬರೆದಿದ್ದಾರೆ. ಹಕ್ಕನ್ನು ಒಪ್ಪಿಕೊಂಡೇ ಹೊಣೆಯನ್ನು ಕೇಳಲು ಅಲ್ಲಿ ಜಾಗವಿದೆ. ನಾಗರಿಕರ ಕೈಯಲ್ಲಿ ಸುಮಾರು 39 ಕೋಟಿ ಬಂದೂಕುಗಳು, ಅಂದರೆ ಜನಸಂಖ್ಯೆಗಿಂತ ಹೆಚ್ಚು, ಇವೆಯೆಂದು 2018ರಲ್ಲಿ ಸ್ಮಾಲ್ ಆರ್ಮ್ಸ್ ಸರ್ವೆ ಎಂಬ ಸಂಶೋಧನಾ ಸಂಸ್ಥೆ ಅಂದಾಜು ಮಾಡಿತು. ಅವೆಲ್ಲವನ್ನೂ ಹಿಂದಕ್ಕೆ ಪಡೆಯುವ ದಿನ ನಮ್ಮ ಮೊಮ್ಮಕ್ಕಳ ಕಾಲದಲ್ಲಿಯೂ ಬರುವುದಿಲ್ಲ. ಇರುವ ಬಂದೂಕು ಹೇಗಿದೆ, ಯಾರ ಕೈಗೆ ಎಟಕುತ್ತದೆ ಎಂಬುದೇ ಅಲ್ಲಿ ಬಾಳುವವರ ಮುಂದಿರುವ ಪ್ರಶ್ನೆ.

ಈ ಪ್ರಶ್ನೆಗೆ ಮಿಷಿಗನ್ ಬಹಳ ದೊಡ್ಡ ಬೆಲೆ ತೆತ್ತು ಉತ್ತರ ಕಂಡುಕೊಂಡಿತು. ಟ್ರಾಯ್ ಇರುವ ಓಕ್ಲೆಂಡ್ ಕೌಂಟಿಯದೇ ಇನ್ನೊಂದು ಊರಾದ ಆಕ್ಸ್‌ಫರ್ಡಿನ ಪ್ರೌಢಶಾಲೆಯಲ್ಲಿ 2021ರ ನವೆಂಬರ್ 30ರಂದು ಹದಿನೈದು ವರ್ಷದ ವಿದ್ಯಾರ್ಥಿಯೊಬ್ಬ ನಾಲ್ವರು ಸಹಪಾಠಿಗಳನ್ನು ಕೊಂದ. ಆ ಪಿಸ್ತೂಲನ್ನು ಅವನ ತಂದೆ ಕೊಂಡು ತಂದಿದ್ದು ಕೇವಲ ನಾಲ್ಕು ದಿನಗಳ ಹಿಂದೆ. ಅಂದು ಬೆಳಗ್ಗೆಯೇ ಹುಡುಗ ಬರೆದಿದ್ದ ಚಿತ್ರವನ್ನೂ ಸಹಾಯಕ್ಕೆ ಮೊರೆಯಿಡುವ ಸಾಲನ್ನೂ ಕಂಡು ಶಾಲೆಯವರು ತಂದೆತಾಯಿಯನ್ನು ಕರೆಸಿದ್ದರು. ಮನೆಗೆ ಕರೆದುಕೊಂಡು ಹೋಗದೆ ಅವರು ಕೆಲಸಕ್ಕೆ ಮರಳಿದರು, ಪಿಸ್ತೂಲಿನ ಮಾತನ್ನೂ ಎತ್ತಲಿಲ್ಲ. ವಿಚಾರಣೆಯಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಒಂದು ತಂತಿಯ ಬೀಗ. ಪಿಸ್ತೂಲಿನ ಜೊತೆಗೇ ಬಂದಿದ್ದ ಅದು ಪ್ಯಾಕೆಟ್ ಒಡೆಯದೆ ಮನೆಯಲ್ಲಿಯೇ ಉಳಿದಿತ್ತು. ಸರ್ಕಾರಿ ವಕೀಲರು ಜ್ಯೂರಿಯ ಎದುರಿನಲ್ಲಿ ಅಂಥದೇ ಬೀಗವನ್ನು ಹಾಕಿ ತೋರಿಸಿದರು. ತಂತಿಯನ್ನು ಒಳಗೆ ತೂರಿಸಿ, ತುದಿಯನ್ನು ಬೀಗಕ್ಕೆ ಸೇರಿಸಿ, ಕೀಲಿ ತಿರುಗಿಸುವುದಕ್ಕೆ ಕೆಲವೇ ಸೆಕೆಂಡುಗಳು ಸಾಕಾದವು. ತಾಯಿಯೂ ತಂದೆಯೂ 2024ರಲ್ಲಿ ಬೇರೆ ಬೇರೆ ವಿಚಾರಣೆಗಳಲ್ಲಿ ಅಪರಾಧಿಗಳೆಂದು ಸಾಬೀತಾಗಿ, ತಲಾ ಕನಿಷ್ಠ ಹತ್ತು ವರ್ಷಗಳ ಜೈಲುಶಿಕ್ಷೆಗೆ ಗುರಿಯಾದರು. ಶಾಲೆಯಲ್ಲಿ ಮಗು ನಡೆಸಿದ ಸಾಮೂಹಿಕ ಹತ್ಯೆಗಾಗಿ ಹೆತ್ತವರೇ ನರಹತ್ಯೆಯ ಆರೋಪದಲ್ಲಿ ಶಿಕ್ಷೆಗೊಳಗಾದದ್ದು ಅಮೆರಿಕದಲ್ಲಿ ಅದೇ ಮೊದಲು.

ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ಕಾನೂನಿನ ಪ್ರಕಾರ, ಪರವಾನಗಿ ಪಡೆದ ವ್ಯಾಪಾರಿ ಪಿಸ್ತೂಲು ಮಾರುವಾಗ ಅದರ ಜೊತೆಗೆ ಬೀಗವನ್ನೋ ಭದ್ರವಾಗಿಡುವ ಸಾಧನವನ್ನೋ ಕೊಡಲೇಬೇಕು. ಆದರೆ ಕೊಂಡವನು ಅದನ್ನು ಹಾಕಬೇಕೆಂದು ಫೆಡರಲ್ ಕಾನೂನು ಎಲ್ಲಿಯೂ ಹೇಳುವುದಿಲ್ಲ. ಅದು ಆಯಾ ರಾಜ್ಯಕ್ಕೆ ಬಿಟ್ಟದ್ದು. ಆಕ್ಸ್‌ಫರ್ಡ್ ದುರಂತದ ಹೊತ್ತಿಗೆ ಮಿಷಿಗನ್ನಿನಲ್ಲಿ ಅಂಥ ಕಾನೂನು ಇರಲಿಲ್ಲ. 2023ರಲ್ಲಿ ಮಾಡಿ 2024ರ ಫೆಬ್ರವರಿಯಿಂದ ಜಾರಿಗೆ ತಂದ ಕಾನೂನಿನಂತೆ, ಅಪ್ರಾಪ್ತ ವಯಸ್ಕರು ಇರುವ ಅಥವಾ ಬರುವ ಸಂಭವವಿರುವ ಮನೆಯಲ್ಲಿ ಬಂದೂಕನ್ನು ಬೀಗದಲ್ಲಿ ಇಡುವುದು ಕಡ್ಡಾಯ. ಬೀಗವಿಲ್ಲದ ಬಂದೂಕು ಮಗುವಿನ ಕೈಸೇರಿ ಯಾರಾದರೂ ಸತ್ತರೆ ಅದನ್ನಿಟ್ಟವರಿಗೆ ಹದಿನೈದು ವರ್ಷಗಳವರೆಗೆ ಜೈಲು. ಇಂಥ ಕಾನೂನುಗಳು ಹದಿಹರೆಯದವರ ಆತ್ಮಹತ್ಯೆಯನ್ನೂ ಆಕಸ್ಮಿಕ ಗಾಯಗಳನ್ನೂ ಕಡಿಮೆ ಮಾಡುತ್ತವೆ ಎಂಬುದಕ್ಕೆ ಒಳ್ಳೆಯ ಆಧಾರವಿದೆಯೆಂದು, ನೀತಿ ಸಂಶೋಧನೆ ನಡೆಸುವ ರ‍್ಯಾಂಡ್ ಸಂಸ್ಥೆ ನೂರಾರು ಅಧ್ಯಯನಗಳನ್ನು ತೂಗಿನೋಡಿ ಹೇಳಿದೆ. ಇಷ್ಟು ಸರಳವಾದ ಕಾನೂನು ಎಲ್ಲ ರಾಜ್ಯಗಳಲ್ಲಿಯೂ ಇಲ್ಲದಿರುವುದು ನನಗೆ ನೋವಿನ ಸಂಗತಿ.

ಕಾನೂನು ಬರಲಿ ಬಿಡಲಿ, ಅಲ್ಲಿರುವ ನಮ್ಮ ಮಕ್ಕಳು ಮಾಡಬಹುದಾದ ಒಂದು ಕೆಲಸವಿದೆ: ಕೇಳುವುದು. ಮೊಮ್ಮಗಳನ್ನು ಸಹಪಾಠಿಯೊಬ್ಬಳ ಮನೆಗೆ ಆಟಕ್ಕೆ ಕರೆದಾಗ ಮಗಳು ಆ ತಾಯಿಗೆ ಸಂದೇಶ ಕಳಿಸಿದ್ದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಮಗುವಿಗೆ ಕಡಲೆಕಾಯಿ ಆಗುವುದಿಲ್ಲ, ಸಾಕುನಾಯಿ ಇದೆಯೇ, ಮನೆಯಲ್ಲಿ ಬಂದೂಕು ಇದ್ದರೆ ಅದಕ್ಕೆ ಬೀಗ ಹಾಕಿದೆಯೇ, ಈ ಮೂರನ್ನೂ ಒಂದೇ ಉಸಿರಿನಲ್ಲಿ ಬರೆದಿದ್ದಳು. ಹಾಗೆಲ್ಲ ಕೇಳಿದರೆ ಅವರು ಏನಂದುಕೊಂಡಾರು ಎಂದು ನಾನು ತಡೆಯಲು ಹೋದಾಗ, "ಅಮ್ಮ, ಇಲ್ಲಿ ಇದು ಕೇಳಲೇಬೇಕಾದ ಮಾತು, ಮಕ್ಕಳ ಡಾಕ್ಟರೇ ಹೇಳಿಕೊಟ್ಟಿದ್ದಾರೆ" ಎಂದಳು. ಆ ತಾಯಿ ಬೇಸರಿಸಿಕೊಳ್ಳಲಿಲ್ಲ. ಎರಡು ಬಂದೂಕುಗಳಿವೆ, ಎರಡೂ ಸೇಫಿನಲ್ಲಿವೆ ಎಂದು ತಿಳಿಸಿ, ಮುಚ್ಚಿದ ಸೇಫಿನ ಫೋಟೋವನ್ನೂ ಕಳಿಸಿದರು. ಮತ್ತೊಬ್ಬರ ಮನೆಯ ವಿಚಾರವನ್ನು ಬಾಯಿಬಿಟ್ಟು ಕೇಳುವುದು ಸಭ್ಯತೆಯಲ್ಲವೆಂಬ ಸಂಕೋಚದಲ್ಲಿ ಬೆಳೆದ ನಮ್ಮ ಕುಟುಂಬಗಳಿಗೆ ಇದು ಕಷ್ಟವೆಂದು ನನಗೆ ಗೊತ್ತು. ಸ್ವಂತ ಮಕ್ಕಳ ವಿಷಯದಲ್ಲಿಯೂ ನಂಬಿಕೆಯನ್ನಷ್ಟೇ ನೆಚ್ಚಿಕೊಳ್ಳುವಂತಿಲ್ಲ. ಅಲಬಾಮಾದ ಗ್ರಾಮೀಣ ಪ್ರದೇಶದ ಕ್ಲಿನಿಕ್ಕೊಂದರಲ್ಲಿ ತಂದೆತಾಯಿಗಳನ್ನೂ ಮಕ್ಕಳನ್ನೂ ಬೇರೆ ಬೇರೆಯಾಗಿ ಕೇಳಿದ ಅಧ್ಯಯನವೊಂದರಲ್ಲಿ, ಬಂದೂಕು ಎಲ್ಲಿದೆಯೆಂದು ಮಕ್ಕಳಿಗೆ ಗೊತ್ತಿಲ್ಲ ಎಂದ ಹೆತ್ತವರಲ್ಲಿ ಶೇ 39 ಮಂದಿಯ ಮಾತನ್ನು ಅವರ ಮಕ್ಕಳೇ ಸುಳ್ಳಾಗಿಸಿದರು. ಬೀರುವಿನ ಮೇಲುಗಡೆ, ಹಾಸಿಗೆಯ ಕೆಳಗಡೆ ಬಚ್ಚಿಡುವುದು ಭದ್ರತೆಯಲ್ಲ.

ನಮ್ಮವರಲ್ಲಿಯೂ ಬಂದೂಕು ಕೊಳ್ಳುವವರು ಹೆಚ್ಚುತ್ತಿರುವಂತೆ ನನಗೆ ಕಾಣುತ್ತಿದೆ. ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಫೆಡರಲ್ ಕಾನೂನು ಬಂದೂಕು ಹೊಂದಲು ಅವಕಾಶ ಕೊಡುವುದಿಲ್ಲ; ಗ್ರೀನ್ ಕಾರ್ಡ್ ಬಂದವರಿಗೆ ಆ ತಡೆ ಇಲ್ಲ. ಅಂಗಡಿಯಲ್ಲಿ ತುಂಬುವ 4473 ಎಂಬ ನಮೂನೆಯಲ್ಲಿ ಸುಳ್ಳು ಬರೆಯುವುದು ಫೆಡರಲ್ ಅಪರಾಧ, ವಲಸೆ ಬಂದವರಿಗೆ ಅದರ ಪರಿಣಾಮ ಜೈಲಿಗೇ ಮುಗಿಯದೆ ಇರಬಹುದು. ಡಲ್ಲಾಸಿನ ಹತ್ತಿರ ಇರುವ ನನ್ನ ಅಕ್ಕನ ಮಗ ಇತ್ತೀಚೆಗೆ ಫೋನಿನಲ್ಲಿ ಈ ಮಾತನ್ನೇ ತೆಗೆದ. ಭಾರತೀಯರ ಮನೆಗಳಲ್ಲಿ ಚಿನ್ನ ಇರುತ್ತದೆಂದು ಹುಡುಕಿಕೊಂಡು ಬರುವ ಕಳ್ಳರ ಹಾವಳಿ ಅವರ ಬಡಾವಣೆಯಲ್ಲಿ ಹೆಚ್ಚಾಗಿದೆಯಂತೆ. ಗೆಳೆಯರೆಲ್ಲ ಪಿಸ್ತೂಲು ಕೊಂಡಿದ್ದಾರಂತೆ. ಅವನ ಭಯವನ್ನು ನಾನು ತಳ್ಳಿಹಾಕಲಿಲ್ಲ. ಹೆಂಡತಿ ಮಕ್ಕಳನ್ನು ಕಾಪಾಡಬೇಕೆಂಬ ಆಸೆ ತಪ್ಪಲ್ಲ. 2023ರಲ್ಲಿ ಸಮೀಕ್ಷೆಗಳನ್ನು ನಡೆಸುವ ಪ್ಯೂ ಸಂಸ್ಥೆ ಕೇಳಿದಾಗಲೂ ಬಂದೂಕು ಇಟ್ಟುಕೊಂಡವರಲ್ಲಿ ಶೇ 72 ಮಂದಿ ರಕ್ಷಣೆಯೇ ಮುಖ್ಯ ಕಾರಣ ಎಂದಿದ್ದರು.

ಆದರೆ ಅವನಿಗೆ ಕೆಲವು ಮಾತುಗಳನ್ನು ಬಿಡಿಸಿ ಹೇಳಿದೆ. 1992ರಲ್ಲಿ ಲೂಯಿಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಹಬ್ಬದ ಕೂಟಕ್ಕೆಂದು ಹೊರಟ ಹದಿನಾರು ವರ್ಷದ ಜಪಾನಿ ವಿದ್ಯಾರ್ಥಿ ತಪ್ಪಿ ಬೇರೆ ಮನೆಯ ಕರೆಗಂಟೆ ಒತ್ತಿ ಗುಂಡಿಗೆ ಬಲಿಯಾದ. 2023ರ ಏಪ್ರಿಲಿನಲ್ಲಿ ಕಾನ್ಸಸ್ ಸಿಟಿಯಲ್ಲಿ ತಮ್ಮಂದಿರನ್ನು ಕರೆತರಲು ಹೋಗಿ ತಪ್ಪು ಮನೆಯ ಕರೆಗಂಟೆ ಒತ್ತಿದ ಹುಡುಗನಿಗೂ ಗುಂಡು ತಗುಲಿತು, ಅವನು ಬದುಕಿಕೊಂಡ. ಬಾಗಿಲ ಆಚೆ ನಿಂತವನು ಕಳ್ಳನೋ ವಿಳಾಸ ತಪ್ಪಿದ ಮಗುವೋ ಎಂದು ತಿಳಿಯುವಷ್ಟು ತಾಳ್ಮೆ ನಡುರಾತ್ರಿಯ ಭಯದಲ್ಲಿ ನಿನಗೆ ಇದ್ದೀತೇ ಎಂದು ಕೇಳಿದೆ. ಪಿಸ್ತೂಲನ್ನು ಕಾರಿನಲ್ಲಿ ಎಂದೂ ಬಿಡಬೇಡ, ಕಾರಿನಿಂದ ಕಳುವಾದ ಬಂದೂಕು ಇನ್ನೊಬ್ಬರ ಮಗನ ಎದೆಗೆ ಗುರಿಯಾಗುತ್ತದೆ ಎಂದೆ. ಟೆಕ್ಸಾಸ್ 2021ರಿಂದ ಅರ್ಹ ವಯಸ್ಕರು ಪರವಾನಗಿಯಿಲ್ಲದೆಯೇ ಪಿಸ್ತೂಲು ಒಯ್ಯಬಹುದೆಂದು ಹೇಳಿದ್ದರೂ, ಮಗುವಿನ ಕೈಗೆ ಸಿಗುವಂತೆ ಇಟ್ಟರೆ ಅಲ್ಲಿಯೂ ಅದು ಅಪರಾಧ. ಎಲ್ಲಕ್ಕಿಂತ ಮುಖ್ಯವಾಗಿ ಅವನ ಮಗನ ಮಾತನ್ನು ಎತ್ತಿದೆ. ಹುಡುಗನಿಗೆ ಈಗ ಹದಿನಾರು. ಕಳೆದ ವರ್ಷ ಊರು ಬದಲಾದ ಮೇಲೆ ಗೆಳೆಯರಿಲ್ಲದೆ ಮಂಕಾಗಿದ್ದಾನೆ, ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ ಎಂದು ಅಕ್ಕ ನನ್ನೊಡನೆ ಹೇಳಿಕೊಂಡು ಅತ್ತಿದ್ದಳು. ಅಂಥ ಮಗುವಿರುವ ಮನೆಗೆ ಈ ಹೊತ್ತಿನಲ್ಲಿ ಪಿಸ್ತೂಲು ಬೇಡ, ಮೊದಲು ಅವನನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗು, ಅಲ್ಲಿ 988 ಎಂಬ ಸಹಾಯವಾಣಿ ಇದೆ, ಕನ್ನಡದಲ್ಲಿಯೇ ಮಾತನಾಡಬೇಕೆಂದು ಅಕ್ಕನಿಗೆ ಅನ್ನಿಸಿದರೆ ಇಲ್ಲಿ ನಿಮ್ಹಾನ್ಸ್‌ನ ಬೆಂಬಲವಿರುವ ಟೆಲಿ-ಮಾನಸ್ 14416 ಇದೆ ಎಂದೆ. ಕಳ್ಳರಿಗೆ ಅಲಾರಂ ಇದೆ, ಬ್ಯಾಂಕಿನ ಲಾಕರ್ ಇದೆ. ಮಗನಿಗೆ ಅಪ್ಪ ಅಮ್ಮ ಬಿಟ್ಟರೆ ಬೇರೆ ಯಾರಿದ್ದಾರೆ?

ಅವನು ಬಹಳ ಹೊತ್ತು ಸುಮ್ಮನಿದ್ದ. "ಚಿಕ್ಕಮ್ಮ, ಇದನ್ನು ನಾನು ಹೆಂಡತಿಯ ಹತ್ತಿರ ಮಾತಾಡಿಲ್ಲ" ಎಂದ. ಮಾತಾಡು, ಅವಳು ಬೇಡವೆಂದರೆ ಅಲ್ಲಿಗೆ ಮುಗಿಸು ಎಂದು ಹೇಳಿದೆ. ಕಳೆದ ವಾರ ಮತ್ತೆ ಕರೆ ಮಾಡಿದಾಗ ಮಗನಿಗೆ ಆಪ್ತಸಲಹೆಗಾರರ ಭೇಟಿ ನಿಗದಿಯಾಗಿದೆ ಎಂದು ತಿಳಿಸಿದ. ಒಡವೆಯನ್ನೆಲ್ಲ ಲಾಕರಿಗೆ ಸಾಗಿಸಿದ್ದಾರಂತೆ. ಪಿಸ್ತೂಲಿನ ವಿಚಾರ ಗಂಡಹೆಂಡಿರ ನಡುವೆ ಇನ್ನೂ ತೀರ್ಮಾನವಾಗಿಲ್ಲ.